ಕುದ್ರುಗಳ ಲೆಕ್ಕ ಕೊಡುವವರು ಯಾರು?

ಮಳೆಗಾಲ ಬಂದೊಡನೆ ಕಾಪು, ಮಲ್ಪೆಗಳ ತೀರದಲ್ಲಿ ಕಡಲ್ಕೊರೆತದ ಕೂಗು ಏಳುತ್ತದೆ. ಮಂತ್ರಿಗಳ ಕಾರು ಬರುತ್ತದೆ. ಲಾರಿಗಟ್ಟಲೆ ಕಲ್ಲು ಬಂದು ಬೀಳುತ್ತದೆ. ಕಡಲು ಶಾಂತವಾದೊಡನೆ ಕೂಗೂ ಅಡಗುತ್ತದೆ. ಹೊಳೆಯ ನಡುವಿನ ಕುದ್ರುಗಳ ದಡ ಕುಸಿಯುವುದನ್ನಂತೂ ನೋಡಲು ಯಾರಿಗೂ ಪುರುಸೊತ್ತಿಲ್ಲ.

ಕಾರ್ಕಳದ ಘಟ್ಟದಿಂದಿಳಿಯುವ ಸ್ವರ್ಣೆಯೂ ಆಗುಂಬೆಯ ಕಡೆಯಿಂದ ಬರುವ ಸೀತೆಯೂ ಕೋಡಿಬೆಂಗ್ರೆಯ ಬಳಿ ಕಡಲು ಸೇರುತ್ತವೆ. ಅವು ಹೊತ್ತು ತಂದ ಹೊಯಿಗೆ ಮಣ್ಣುಗಳೇ ನಿಂತು ಪಡುಕುದ್ರು, ತಿಮ್ಮಣ್ಣಕುದ್ರುಗಳಂಥ ನೆಲಗಳಾದವು. ಅಲ್ಲಿ ಜನ ತೆಂಗು ನೆಟ್ಟು, ಮನೆ ಕಟ್ಟಿ ಬಾಳಿದರು. ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ ಶಿಲೆ. ಕಾಪುವಿನ ದೀಪಸ್ತಂಭ 1901ರಿಂದ ಬಂಡೆಯ ಮೇಲೆ ನಿಂತಿದೆ. ಕುದ್ರುವಿಗೆ ಅಂಥ ಬುನಾದಿಯಿಲ್ಲ. ಹೊಳೆ ವರ್ಷವರ್ಷವೂ ಕೊಟ್ಟರೆ ಅದು ಉಳಿಯುತ್ತದೆ, ಕೊಡದಿದ್ದರೆ ಅಳಿಯುತ್ತದೆ.

ಅಳಿಯುವ ಬಗೆಗೆ ಅಮೆರಿಕದ ಚೆಸಪೀಕ್ ಕೊಲ್ಲಿಯ ಹಾಲೆಂಡ್ ದ್ವೀಪವೇ ಸಾಕ್ಷಿ. 1910ರಲ್ಲಿ ಅಲ್ಲಿ ಸುಮಾರು 360 ಜನರಿದ್ದರು. ಶಾಲೆ, ಇಗರ್ಜಿ, ಅಂಚೆ ಕಚೇರಿ, ಅಂಗಡಿಗಳಿದ್ದವು. ಹೂಳಿನ ಆ ನೆಲವನ್ನು ಅಲೆಗಳು ಪಡುವಣದಿಂದ ಕೊರೆದವು. ಕಲ್ಲು ತಂದು ಗೋಡೆ ಕಟ್ಟಿದರು; ನಿಲ್ಲಲಿಲ್ಲ. ಜನ ಮನೆಗಳನ್ನೇ ಬಿಚ್ಚಿ ದೋಣಿಗೇರಿಸಿಕೊಂಡು ಬೇರೆ ಊರು ಸೇರಿದರು. ಕೊನೆಯ ಮನೆ 2010ರಲ್ಲಿ ಉರುಳಿತು. ದಡ ಹೋದ ಮೇಲೆ ಗಿರಾಕಿ ಹೋದ, ಗಿರಾಕಿಯ ಹಿಂದೆ ಅಂಗಡಿ ಹೋಯಿತು. ನಮ್ಮ ವರ್ತಕ ಬಂಧುಗಳು ಇದನ್ನು ಗಮನಿಸಬೇಕು.

ಅಲ್ಲಿ ನೆಲ ತಗ್ಗುತ್ತಿತ್ತು, ನೀರು ಏರುತ್ತಿತ್ತು. ಇಲ್ಲಿ ಏರುವ ಕಡಲಿನ ಜೊತೆಗೆ ಮನುಷ್ಯನ ಕೈಯೂ ಸೇರಿದೆ. ಉಡುಪಿ, ಮಣಿಪಾಲಗಳಿಗೆ ನೀರುಣಿಸುವ ಬಜೆ ಅಣೆಕಟ್ಟು ಸ್ವರ್ಣೆಯ ಹೊಯಿಗೆಯಲ್ಲಿ ಒಂದು ಪಾಲನ್ನು ತಡೆಯುತ್ತದೆ. ಕೆಳಗೆ ಉಳಿದುದನ್ನು ಕಟ್ಟಡಗಳಿಗಾಗಿ ಲಾರಿಗಳು ಹೊರುತ್ತವೆ. ಹೊಳೆಯ ತಳ ಆಳವಾದಂತೆ ದಡದ ಬುಡ ಜಾರುತ್ತದೆ. ಉಪ್ಪುನೀರು ಮೇಲೇರಿ ಬಾವಿ ಗದ್ದೆಗಳನ್ನು ಸೇರುತ್ತದೆ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ಗಣಿಗಾರಿಕೆಯನ್ನು 1991ರ ಅಧಿಸೂಚನೆಯೇ ನಿಷೇಧಿಸಿದೆ. ಆದರೆ ದೋಣಿಗೆ ಅಡ್ಡಿಯಾದ ದಿಬ್ಬ ತೆಗೆಯಬಹುದೆಂಬ ಹಿತ್ತಿಲ ಬಾಗಿಲಿನಿಂದ ವ್ಯಾಪಾರ ನುಗ್ಗಿತು.

ಹೊಳೆಯಲ್ಲಿ ಮುಳುಗಿ ಬುಟ್ಟಿಯಿಂದ ಹೊಯಿಗೆ ಎತ್ತುವ ಕೂಲಿಯಾಳು ನಮ್ಮ ವೈರಿಯಲ್ಲ. ಅವನ ಬೆವರಿಗೆ ಸಿಗುವುದು ದಿನಗೂಲಿ. ಲಾಭ ದಡದ ಮೇಲೆ ನಿಂತವನಿಗೆ. ನಷ್ಟವೋ ಕುದ್ರುವಿನ ಬಡವನಿಗೆ. ಕಲ್ಲು ಹಾಕುವ ಖರ್ಚು ಗಿರಣಿ ಕಾರ್ಮಿಕನೂ ಚಿಲ್ಲರೆ ವ್ಯಾಪಾರಿಯೂ ತೆರುವ ತೆರಿಗೆಯಿಂದ. ಇದನ್ನು ವಿಧಿಯೆನ್ನುವುದು ಮೋಸದ ಮಾತು.

ಆದುದರಿಂದ ನಮ್ಮ ಒತ್ತಾಯವಿಷ್ಟು: ಹಳೆಯ ಸರ್ವೆ ನಕ್ಷೆಗಳ ಪಕ್ಕದಲ್ಲಿ ಇಂದಿನ ಅಳತೆ ಇಟ್ಟು, ಪ್ರತಿ ಕುದ್ರುವಿನಲ್ಲೂ ಹೋದ ನೆಲವೆಷ್ಟೆಂದು ಸರ್ಕಾರ ಪ್ರಕಟಿಸಲಿ. ನೆಲ ಕಳೆದುಕೊಂಡವರಿಗೆ ಬದಲಿ ನೆಲ ಸಿಗಲಿ. ಹೊಯಿಗೆ ತೆಗೆಯುವ ಅಪ್ಪಣೆಗೆ ಮುನ್ನ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ. ಕೆಲಸ ಕಳೆದುಕೊಳ್ಳುವ ಕೂಲಿಗಾರರಿಗೆ ಬೇರೆ ದುಡಿಮೆ ದೊರೆಯಲಿ.

ಕುದ್ರುವಿನವನ ಪೆಟ್ಟಿಗೆಯಲ್ಲಿ ಪಟ್ಟೆಯಿದ್ದರೇನು, ಕಾಲಿಡಲು ನೆಲವಿಲ್ಲದಿದ್ದರೆ? ಮುಂದಿನ ಮಳೆಗೆ ಮುನ್ನ ಉತ್ತರ ಬರಬೇಕು. ತಾನಾಗಿ ಬರದಿದ್ದರೆ ಕೇಳಿ ಪಡೆಯಲು ಗಿರಣಿ, ಪೇಟೆ, ಕುದ್ರುಗಳ ಜನ ಒಂದಾಗಬೇಕು.