ಶಂಕರ್‌ನಾಗ್ ಇಲ್ಲದ ಮಾಲ್ಗುಡಿ

ಶಂಕರ್‌ನಾಗ್ ಆಗುಂಬೆಯಲ್ಲಿ ಕಟ್ಟಿದ ‘ಮಾಲ್ಗುಡಿ ಡೇಸ್’ ನಮಗೆಲ್ಲ ಗೊತ್ತು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶಿಸಿದ 15 ಕಂತುಗಳು ಎಷ್ಟು ಜನಕ್ಕೆ ನೆನಪಿವೆ? ಈ ಮಳೆಗಾಲ ಪುಣೆಯ ಮನೆಯಲ್ಲಿ ಡಿವಿಡಿ ಹಾಕಿ ಮತ್ತೆ ನೋಡಿದೆ. ಶಂಕರ್ ತೀರಿಹೋಗಿ ಆಗಲೇ 16 ವರ್ಷವಾಗಿತ್ತು. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಬೆಳೆದುಬಿಟ್ಟಿದ್ದರು. ಹಳೆಯದನ್ನು ಕಂಡವರಿಗೆ ಸ್ವಲ್ಪ ಸಪ್ಪೆ ಎನಿಸುವುದು ಸಹಜ.

ನನ್ನ ಮಗಳಿಗೆ ಆ ಹೋಲಿಕೆಯ ಹಂಗಿಲ್ಲ. ಅವಳ ಪ್ರಶ್ನೆಯೇ ಬೇರೆ: “ಅಪ್ಪಾ, ಊರು ಅಜ್ಜಿ ಊರಿನ ಥರಾನೇ ಇದೆ, ಇವರ್ಯಾಕೆ ಹಿಂದಿ ಮಾತಾಡ್ತಾರೆ?” ಅಪಾರ್ಟ್‌ಮೆಂಟಿನ ಗೆಳತಿಯರ ಜೊತೆ ದಿನವಿಡೀ ಹಿಂದಿಯಲ್ಲೇ ಆಡುವವಳು ಇದನ್ನು ಕೇಳಿದ್ದು ಕನ್ನಡದಲ್ಲಿ!

ಮಾಲ್ಗುಡಿಗೆ ಚಿತ್ರ ಬರೆದ ಮೈಸೂರಿನ ಆರ್.ಕೆ. ಲಕ್ಷ್ಮಣ್ 2015ರಲ್ಲಿ ಕಣ್ಮುಚ್ಚಿದ್ದು ಇದೇ ಪುಣೆಯಲ್ಲಿ ಎಂದು ಅವಳಿಗೆ ಹೇಳಿದೆ. ಡಿವಿಡಿ ಸಿಕ್ಕರೆ ನೀವೂ ಮಕ್ಕಳ ಜೊತೆ ಕೂತು ನೋಡಿ.