ತಿರುಗುವ ಕಣ್ಣು, ನೆಟ್ಟ ಕಾಲು

ಕರ್ನಾಟಕದ ಹೊರಗಿರುವ ಕನ್ನಡ ವಿಭಾಗಗಳಿಗೆ ಅಧ್ಯಯನ ಪ್ರವಾಸವೆಂಬುದು ವಿಹಾರವಲ್ಲ, ಪಠ್ಯದ ಒಂದು ಭಾಗ. ಮುಂಬಯಿಯಲ್ಲೋ ಪುಣೆಯಲ್ಲೋ ಹುಟ್ಟಿ ಬೆಳೆದು, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ಎಂ.ಎ. ತರಗತಿಗೆ ಬರುವ ವಿದ್ಯಾರ್ಥಿಗೆ ಹಂಪೆ, ಬೇಲೂರು, ಶ್ರವಣಬೆಳಗೊಳಗಳು ಎಷ್ಟೋ ವೇಳೆ ಪುಸ್ತಕದಲ್ಲಿ ಓದಿದ ಹೆಸರುಗಳಷ್ಟೇ. ಇತ್ತೀಚಿನ ವರ್ಷಗಳಲ್ಲಿ ಪ್ರವಾಸದ ಬಾಬ್ತಿಗೆ ಹಣ ಕೇಳಿದರೆ ಒಂದು ಉತ್ತರ ಸಿದ್ಧವಾಗಿರುತ್ತದೆ: ‘ಅದನ್ನೆಲ್ಲ ಕಂಪ್ಯೂಟರಿನಲ್ಲೇ ಸುತ್ತಲೂ ತಿರುಗಿಸಿ ನೋಡಬಹುದಲ್ಲ?’ ನಾನು ಕೆಲಕಾಲ ಪಾಠ ಹೇಳಿದ ಒಂದು ಸಂಸ್ಥೆಯಲ್ಲಿ ಈ ಒಂದೇ ಮಾತಿನಿಂದ ಪ್ರವಾಸ ನಿಂತುಹೋಯಿತು. ಹಾಗೆ ಹೇಳಿದವರಿಗೆ ದುರುದ್ದೇಶವಿತ್ತೆಂದು ನಾನು ಭಾವಿಸುವುದಿಲ್ಲ. ಆದರೆ ಆ ತಿರುಗುವ ಚಿತ್ರ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬುದನ್ನು ವಿಚಾರಿಸದೆ ಒಪ್ಪಿಕೊಳ್ಳುವುದಾಗಲಿ, ವಿಚಾರಿಸದೆ ತಳ್ಳಿಹಾಕುವುದಾಗಲಿ ವಿದ್ವತ್ತಿಗೆ ಸಲ್ಲದು.

ವರ್ಚುಯಲ್ ರಿಯಾಲಿಟಿ ಎಂದೊಡನೆ ತಲೆಗೆ ಧರಿಸುವ ಭಾರವಾದ ಸಾಧನವೂ ದುಬಾರಿ ಯಂತ್ರಗಳೂ ನೆನಪಾಗುತ್ತಿದ್ದ ಕಾಲವೊಂದಿತ್ತು. 1990ರ ದಶಕದ ಆರಂಭದಲ್ಲಿ ಇಂತಹ ಲೋಕಗಳನ್ನು ಗಣಿತದ ಆಕೃತಿಗಳಿಂದ ಕಟ್ಟಬೇಕಾಗಿತ್ತು; ಆ ಲೆಕ್ಕಾಚಾರ ಸಾಮಾನ್ಯರ ಮನೆಯ ಗಣಕಯಂತ್ರಕ್ಕೆ ಎಟುಕುವಂತಹುದಾಗಿರಲಿಲ್ಲ. ಆ್ಯಪಲ್ ಸಂಸ್ಥೆ 1994-95ರಲ್ಲಿ ಹೊರತಂದ ‘ಕ್ವಿಕ್‌ಟೈಮ್ ವಿ.ಆರ್.’ ಬೇರೊಂದು ದಾರಿ ಹಿಡಿಯಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಶೆನ್‌ಚಾಂಗ್ ಎರಿಕ್ ಚೆನ್ ಅವರು 1995ರ ಸಿಗ್ರಾಫ್ ಸಮ್ಮೇಳನದಲ್ಲಿ ಇದರ ತತ್ತ್ವವನ್ನು ವಿವರಿಸಿದರು. ಲೋಕವನ್ನು ಕಟ್ಟುವುದರ ಬದಲು ಅದರ ಛಾಯಾಚಿತ್ರ ತೆಗೆಯುವುದು ಇಲ್ಲಿಯ ಕ್ರಮ. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಒಂದರ ಅಂಚು ಮತ್ತೊಂದರ ಮೇಲೆ ಬರುವಂತೆ ಹನ್ನೆರಡೋ ಹೆಚ್ಚೋ ಚಿತ್ರಗಳನ್ನು ತೆಗೆದು, ಅವನ್ನು ಹೊಲಿದಂತೆ ಜೋಡಿಸಿ ಒಂದು ಉರುಳೆಯ ಒಳಮೈಗೆ ಅಂಟಿಸಿದರೆ, ನೋಡುಗ ಆ ಉರುಳೆಯ ನಡುವೆ ನಿಂತಂತಾಗುತ್ತದೆ. ಮೌಸ್ ಎಳೆದತ್ತ ದೃಶ್ಯ ತಿರುಗುತ್ತದೆ. ಬಾಗಿದ ಚಿತ್ರವನ್ನು ಆ ಕ್ಷಣಕ್ಕೆ ಬೇಕಾದಷ್ಟೇ ನೇರಗೊಳಿಸಿ ತೋರಿಸುವ ಕೆಲಸವನ್ನು ಸಾಮಾನ್ಯ ಗಣಕವೇ ಮಾಡಬಲ್ಲದು. ವಿಶೇಷ ಯಂತ್ರ ಬೇಡ, ತಲೆಗೆ ಏನನ್ನೂ ಧರಿಸಬೇಕಾಗಿಲ್ಲ. ಇಂದು ಕೈಯ ಫೋನಿನಲ್ಲಿ ನಾವು ಬೆರಳಾಡಿಸಿ ನೋಡುವ ಬೀದಿಗಳೂ ದೇವಾಲಯಗಳೂ ಈ ವಂಶದವೇ.

ಇದನ್ನು ಕನ್ನಡದಲ್ಲಿ ಏನೆನ್ನಬೇಕು ಎಂಬುದು ಕೇವಲ ಪರಿಭಾಷೆಯ ಪ್ರಶ್ನೆಯಲ್ಲ. ‘ಮಿಥ್ಯಾವಾಸ್ತವ’ ಎಂದವರಿದ್ದಾರೆ, ‘ಭ್ರಮಾವಾಸ್ತವ’ ಎಂದವರೂ ಇದ್ದಾರೆ. ಗಣಿತದಿಂದ ಕಟ್ಟಿದ ಲೋಕಕ್ಕೆ ಈ ಮಾತುಗಳು ಒಪ್ಪಬಹುದು. ಆದರೆ ಛಾಯಾಚಿತ್ರದಿಂದ ಹುಟ್ಟಿದ ಈ ಬಗೆಗೆ ಭ್ರಮೆಯೆಂಬ ಪದ ಪೂರ್ತಿ ಹೊಂದುವುದಿಲ್ಲ. ಆ ಕಲ್ಲಿನ ಮೇಲೆ ಬಿದ್ದ ಬೆಳಕೇ ಮಸೂರದೊಳಗೆ ಬಂದಿದೆ. ಅಷ್ಟರಮಟ್ಟಿಗೆ ಅದು ಸಾಕ್ಷ್ಯ. ಹಂಪೆಯ ವಿರೂಪಾಕ್ಷ ದೇವಾಲಯದ ಒಂದು ಕತ್ತಲ ಕೋಣೆಯಲ್ಲಿ ಸಣ್ಣ ರಂಧ್ರದಿಂದ ಬಂದ ಬೆಳಕು ಗೋಪುರವನ್ನು ತಲೆಕೆಳಗಾಗಿ ಗೋಡೆಯ ಮೇಲೆ ಮೂಡಿಸುವುದನ್ನು ನೋಡಿದವರು ಅದನ್ನು ಭ್ರಮೆ ಎನ್ನುವುದಿಲ್ಲ, ಗೋಪುರದ ನೆರಳು ಎನ್ನುತ್ತಾರೆ. ಸಾಕ್ಷ್ಯವಾದುದರಿಂದಲೇ ಅದನ್ನು ಪಾಟೀಸವಾಲಿಗೆ ಒಳಪಡಿಸಬೇಕಾಗುತ್ತದೆ. ಮೊದಲ ಪ್ರಶ್ನೆ: ಸಾಕ್ಷಿ ಎಲ್ಲಿ ನಿಂತಿದ್ದ?

ಈ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರಲ್ಲಿ ಕನ್ನಡ ನಾಡಿಗೂ ಒಂದು ಪಾಲಿದೆ. ನೋಡುಗನನ್ನು ದುಂಡನೆಯ ಚಿತ್ರದ ನಡುವೆ ನಿಲ್ಲಿಸುವ ಉಪಾಯಕ್ಕೆ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲಿ ಹಕ್ಕುಪತ್ರ ಪಡೆದ. ಮುಂದೆ ಅದಕ್ಕೆ ‘ಪನೋರಮಾ’ ಎಂಬ ಹೆಸರು ಬಂದಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಮರುವರ್ಷವೇ, 1800ರಲ್ಲಿ, ಲಂಡನ್ನಿನ ಲೈಸಿಯಂನಲ್ಲಿ ರಾಬರ್ಟ್ ಕರ್ ಪೋರ್ಟರ್ ಎಂಬ ತರುಣ ಚಿತ್ರಕಾರ ಆ ಮುತ್ತಿಗೆಯ ಬೃಹತ್ ಚಿತ್ರವನ್ನು, ನೋಡುಗರನ್ನು ಬಳಸಿ ಬಾಗುವಂತೆ, ಪ್ರದರ್ಶಿಸಿದ. ಜನ ಮುಗಿಬಿದ್ದು ನೋಡಿದರು. ಪೋರ್ಟರ್ ಭಾರತಕ್ಕೆ ಬಂದವನಲ್ಲ. ಕಾವೇರಿಯನ್ನಾಗಲಿ ಕೋಟೆಯನ್ನಾಗಲಿ ಕಂಡವನಲ್ಲ. ಮೂಲಚಿತ್ರ ಇಂದು ಉಳಿದಿಲ್ಲ. ಅದರಿಂದ ಮಾಡಿದ ಕೆತ್ತನೆಯ ಅಚ್ಚುಗಳು ಉಳಿದಿವೆ. ಅವುಗಳಲ್ಲಿ ನೋಡುಗನ ನೆಲೆ ಕೋಟೆಯ ಒಳಗಲ್ಲ, ಒಡೆದ ಗೋಡೆಯನ್ನು ಏರುತ್ತಿರುವ ಸೈನ್ಯದ ಕಡೆಗೆ. ಲಂಡನ್ನಿನ ನೋಡುಗ ಎಡಕ್ಕೂ ಬಲಕ್ಕೂ ತನ್ನಿಷ್ಟದಂತೆ ಕತ್ತು ಹೊರಳಿಸಬಹುದಾಗಿತ್ತು. ಆದರೆ ಯಾರ ಪಕ್ಕದಲ್ಲಿ ನಿಲ್ಲಬೇಕೆಂಬುದನ್ನು ಅವನ ಪರವಾಗಿ ಬೇರೆಯವರು ಮೊದಲೇ ನಿರ್ಧರಿಸಿಯಾಗಿತ್ತು.

ಗಣಕದ ಪರದೆಯ ಮೇಲಿನ ದೃಶ್ಯಕ್ಕೂ ಈ ಮಾತು ಅನ್ವಯಿಸುತ್ತದೆ. ಕಣ್ಣಿಗೆ ಸ್ವಾತಂತ್ರ್ಯವುಂಟು, ಕಾಲಿಗಿಲ್ಲ. ಒಂದು ನೆಲೆಯಿಂದ ಮತ್ತೊಂದಕ್ಕೆ ನೆಗೆಯಲು ದೃಶ್ಯದಲ್ಲಿ ಕೆಲವು ಕಿಂಡಿಗಳನ್ನು ಇಟ್ಟಿರುತ್ತಾರೆ, ನಿಜ. ಆದರೆ ಆ ಕಿಂಡಿಗಳು ಎಲ್ಲಿರಬೇಕೆಂಬುದೂ ಮುಕ್ಕಾಲಿ ನೆಟ್ಟವನ ಆಯ್ಕೆ. ಹಂಪೆಯ ತಿರುಗುಚಿತ್ರಗಳಲ್ಲಿ ವಿಠಲ ದೇವಾಲಯದ ಕಲ್ಲಿನ ರಥ ತಪ್ಪದೆ ಸಿಗುತ್ತದೆ. ಬಾಳೆಯ ತೋಟಕ್ಕೆ ಈಗಲೂ ನೀರು ಹರಿಸುವ ವಿಜಯನಗರ ಕಾಲದ ಕಾಲುವೆಯ ದಂಡೆಯಲ್ಲಿ ಯಾರು ಮುಕ್ಕಾಲಿ ಇಡುತ್ತಾರೆ?

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಬಿಡಿ ಚಿತ್ರಗಳನ್ನು ಹೊಲಿಯುವಾಗ ಚಲಿಸುವ ಮನುಷ್ಯ ತೊಡಕಾಗುತ್ತಾನೆ. ಒಂದು ಚಿತ್ರದಲ್ಲಿದ್ದವನು ಮುಂದಿನದರಲ್ಲಿ ಇಲ್ಲದಿದ್ದರೆ ಹೊಲಿಗೆಯ ಬಳಿ ಅರ್ಧ ದೇಹದ ಪ್ರೇತವಾಗಿ ಉಳಿಯುತ್ತಾನೆ. ಆದ್ದರಿಂದ ಛಾಯಾಗ್ರಾಹಕ ಜನ ಸರಿಯುವವರೆಗೆ ಕಾಯುತ್ತಾನೆ, ಇಲ್ಲವೇ ಬೆಳ್ಳಂಬೆಳಗ್ಗೆ ಬರುತ್ತಾನೆ. ಫಲವೆಂದರೆ ನಿರ್ಜನವಾದ ದೇಗುಲ: ಹೂ ಮಾರುವವಳಿಲ್ಲ, ಅರ್ಚಕನಿಲ್ಲ, ಹರಕೆ ಹೊತ್ತು ಬಂದ ಕುಟುಂಬವಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಹಿಡಿದಾಗ ಬೆಳಕಿಗೆ ಬಹಳ ಹೊತ್ತು ಒಡ್ಡಬೇಕಾಗಿದ್ದುದರಿಂದ ಚಲಿಸುವುದೆಲ್ಲ ಅಳಿಸಿಹೋಗುತ್ತಿತ್ತು. ನೂರೈವತ್ತು ವರ್ಷಗಳ ಅನಂತರದ ಯಂತ್ರವೂ ಬೇರೊಂದು ಕಾರಣದಿಂದ ಅದೇ ನಿರ್ಜನತೆಯನ್ನೇ ಬಯಸಿತು. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತಿದೆ. ಹಂಪೆ ಬರಿಯ ‘ಹಾಳು ಹಂಪೆ’ಯಲ್ಲ ಎಂಬುದನ್ನು ಹೊರನಾಡಿನ ವಿದ್ಯಾರ್ಥಿ ಇಂತಹ ಚಿತ್ರಗಳಿಂದ ತಿಳಿಯಲಾರ.

ಗ್ರೀನ್‌ಲಾ ಅವರ ಹೆಸರು ಬಂದುದರಿಂದ ಒಂದು ಮಾತನ್ನು ಮೆಚ್ಚಿ ಹೇಳಬೇಕು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ತಾಣಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಇಟ್ಟಿಗೆಯ ಶಿಖರ ಕರಗಿದೆ ಎಂಬುದು ತಿಳಿಯುತ್ತದೆ. ಪಾಠಾಂತರಗಳನ್ನು ತೂಗಿ ನೋಡುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವೇನು? ನಿಂತ ನೆಲೆ ಗೊತ್ತಿದ್ದುದರಿಂದಲೇ ಇದು ಸಾಧ್ಯವಾಯಿತು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಊರು, ತಿಥಿಗಳನ್ನು ಬರೆದಿದ್ದರೆ ನಾವು ಎಷ್ಟು ಹಿಗ್ಗುತ್ತೇವೆ! ಗಣಕದಲ್ಲಿ ಹರಿದಾಡುವ ಬಹುಪಾಲು ತಿರುಗುಚಿತ್ರಗಳಿಗೆ ಅಷ್ಟು ಪುಷ್ಪಿಕೆಯೂ ಇಲ್ಲ.

ಉರುಳೆಯ ರೂಪಕ್ಕೆ ಮತ್ತೊಂದು ಮಿತಿಯಿತ್ತು. ಉರುಳೆಗೆ ಮುಚ್ಚಳವಿಲ್ಲ, ತಳವೂ ಇಲ್ಲ. ಮೊದಲ ವರ್ಷಗಳ ಚಿತ್ರಗಳಲ್ಲಿ ನೆತ್ತಿಯ ಮೇಲಿನದು, ಕಾಲಬುಡದ್ದು ಕಾಣುತ್ತಿರಲಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತು, ತಲೆಯೆತ್ತಿ ಭುವನೇಶ್ವರಿಯನ್ನು ನೋಡಲಾಗದಿದ್ದರೆ ನೋಡಿದ್ದೇನು? 2001ರಲ್ಲಿ ಉರುಳೆಯ ಜಾಗಕ್ಕೆ ಘನಾಕೃತಿ ಬಂದು ಈ ಕೊರತೆ ನೀಗಿತು. ಆದರೆ ಮೂಲಭೂತವಾದ ಇನ್ನೊಂದು ಅಂತರ ನೀಗುವಂತಹುದಲ್ಲ. ಪನೋರಮಾದಲ್ಲಿ ನಡುವೆ ನಿಂತವನು ನಾನು, ನನ್ನ ಸುತ್ತ ಲೋಕ ತಿರುಗುತ್ತದೆ. ನಮ್ಮ ದೇವಾಲಯಗಳ ನೋಟ ಇದಕ್ಕೆ ವಿರುದ್ಧ: ನಡುವೆ ದೈವ, ಸುತ್ತ ನಾನು. ಹಂಪೆಯ ಹಜಾರರಾಮ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ ಸಾಲುಸಾಲಾಗಿ ಸಾಗುತ್ತದೆ. ಪ್ರದಕ್ಷಿಣೆ ಬಂದವನಿಗೆ ಮಾತ್ರ ಅದು ಕಥೆ. ಒಂದೆಡೆ ನಿಂತು ತಿರುಗಿದವನಿಗೆ ಬಿಡಿ ಶಿಲ್ಪ. ಹೊಯ್ಸಳರ ನಕ್ಷತ್ರಾಕಾರದ ತಳವಿನ್ಯಾಸವಂತೂ ನಡೆಯುವವನ ಕಣ್ಣಿಗೆ ಪ್ರತಿ ಹೆಜ್ಜೆಗೂ ಒಂದು ಹೊಸ ಮೂಲೆಯನ್ನು ಕೊಡುವುದಕ್ಕಾಗಿಯೇ ಇದೆಯೆಂದು ನನಗೆ ತೋರುತ್ತದೆ.

ಹಾಗೆಂದು ಈ ತಂತ್ರ ನಮಗೆ ನಿರುಪಯುಕ್ತವೆಂದಲ್ಲ. ಕ್ವಿಕ್‌ಟೈಮ್ ವಿ.ಆರ್.ನಲ್ಲಿಯೇ ಎರಡನೆಯ ಬಗೆಯೊಂದಿತ್ತು: ವಸ್ತುವನ್ನು ನಡುವೆ ಇಟ್ಟು ಸುತ್ತಲಿಂದ ಚಿತ್ರ ತೆಗೆದು, ನೋಡುಗನು ಅದನ್ನು ಕೈಯಲ್ಲಿ ಹಿಡಿದಂತೆ ತಿರುಗಿಸಲು ಬಿಡುವುದು. ಪ್ರಚಾರ ಪಡೆದದ್ದು ಪನೋರಮಾ. ನಮಗೆ ಬೇಕಾದದ್ದು ಇದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ, ನಡುನಡುವಿನ ಪಟ್ಟಿಗಳಲ್ಲಿ ಶಾಸನ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಸವೆದ ಅಕ್ಷರ ಮೂಡುತ್ತದೆಂದು ಶಾಸನಕ್ಷೇತ್ರದಲ್ಲಿ ದುಡಿದವರೆಲ್ಲರೂ ಬಲ್ಲರು. ಬೇರೆ ಬೇರೆ ಬೆಳಕಿನಲ್ಲಿ, ಸುತ್ತಲಿನಿಂದ ತೆಗೆದ ಅಂತಹ ಒಂದು ವೀರಗಲ್ಲಿನ ಚಿತ್ರ, ಪಕ್ಕದಲ್ಲಿ ಶಾಸನಪಾಠ, ಕಲ್ಲು ಸಿಕ್ಕ ಊರಿನ ಹೆಸರು—ಇಷ್ಟು ಸಿಕ್ಕರೆ ಚೆನ್ನೈಯಲ್ಲಿಯೋ ದೆಹಲಿಯಲ್ಲಿಯೋ ಕುಳಿತು ಹಳಗನ್ನಡ ಕಲಿಯುವವನಿಗೆ ಅದು ಮುದ್ರಿತ ಸಂಪುಟಗಳು ಕೊಡದ ಸಹಾಯವನ್ನು ಕೊಟ್ಟೀತು.

ಆದರೆ ಅದು ಎಷ್ಟು ಕಾಲ ಉಳಿದೀತು? ಆ್ಯಪಲ್ 2009ರಲ್ಲಿ ತಂದ ಹೊಸ ಕ್ವಿಕ್‌ಟೈಮ್ ವಿ.ಆರ್. ಕಡತಗಳನ್ನು ಕೈಬಿಟ್ಟಿತು. 2016ರಲ್ಲಿ ವಿಂಡೋಸ್ ಆವೃತ್ತಿಗೆ ಬೆಂಬಲ ನಿಂತಿತು. 2019ರ ಅನಂತರದ ಮ್ಯಾಕ್ ಯಂತ್ರವ್ಯವಸ್ಥೆಯಲ್ಲಿ ಹಳೆಯ ಕ್ವಿಕ್‌ಟೈಮ್ ಓಡುವುದೇ ಇಲ್ಲ. ನಡುವಿನ ಕಾಲದ ಎಷ್ಟೋ ತಿರುಗುಚಿತ್ರಗಳು ಆಶ್ರಯಿಸಿದ್ದ ಫ್ಲ್ಯಾಶ್ 2020ರ ಕೊನೆಗೆ ಕಣ್ಮುಚ್ಚಿತು. ಕನ್ನಡಿಗರಿಗೆ ಇದು ಹೊಸ ಅನುಭವವಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ತಂತ್ರಾಂಶಕ್ಕೆ ಒಂದೊಂದು ಅಕ್ಷರಸಂಕೇತವಿದ್ದಾಗ ಬೆರಳಚ್ಚು ಮಾಡಿಟ್ಟ ಪ್ರಬಂಧಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ನಿಂತದ್ದನ್ನು ನಮ್ಮ ಪೀಳಿಗೆ ಕಂಡಿದೆ. ತಾಳೆಗರಿ ಹುಳು ಹಿಡಿಯಲು ನೂರಾರು ವರ್ಷ ಬೇಕಾಯಿತು. ಇವಕ್ಕೆ ಹತ್ತು ವರ್ಷ ಸಾಕಾಯಿತು. ತಿರುಗುಚಿತ್ರದ ಕಡತ ಸತ್ತರೂ ಅದನ್ನು ಹೊಲಿಯುವ ಮುನ್ನ ತೆಗೆದ ಬಿಡಿ ಛಾಯಾಚಿತ್ರಗಳಿದ್ದರೆ ಮತ್ತೆ ಹೊಲಿಯಬಹುದು. ಇಟ್ಟುಕೊಳ್ಳಬೇಕಾದವು ಅವೇ.

ಆದುದರಿಂದ ಹೊರನಾಡಿನ ಕನ್ನಡ ವಿಭಾಗಗಳು ತಮ್ಮ ಆಡಳಿತದವರಿಗೆ ಕೊಡಬೇಕಾದ ಉತ್ತರ ಪ್ರವಾಸವೋ ಚಿತ್ರವೋ ಎಂಬ ಜಗಳವಾಗಬೇಕಾಗಿಲ್ಲ. ವಿದ್ಯಾರ್ಥಿಗಳು ಹೋಗುವ ಮೊದಲು ಪರದೆಯ ಮೇಲೆ ನೋಡಲಿ. ಅಲ್ಲಿ ಏನು ಕಾಣಲಿಲ್ಲವೆಂದು ಪಟ್ಟಿ ಮಾಡಿಕೊಳ್ಳಲಿ. ಆ ಪಟ್ಟಿಯನ್ನು ಹಿಡಿದುಕೊಂಡೇ ಹಂಪೆಗೆ ಹೋಗಲಿ. ಹಜಾರರಾಮನ ಗೋಡೆಯ ಸುತ್ತ ನಡೆದು, ತಾವೇ ಮುಕ್ಕಾಲಿ ನೆಟ್ಟು, ನಿಂತ ತಾಣ, ದಿನಾಂಕ, ಹೊತ್ತು, ತೆಗೆದವರ ಹೆಸರುಗಳನ್ನು ಕನ್ನಡದಲ್ಲಿ ಬರೆದು, ಬಿಡಿ ಚಿತ್ರಗಳೊಡನೆ ವಿಭಾಗದ ಗ್ರಂಥಾಲಯಕ್ಕೆ ಒಪ್ಪಿಸಲಿ. ಇದಕ್ಕೆ ಬೇಕಾದ ಕ್ಯಾಮರಾ ಈಗ ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಇದೆ. ರೈಲಿನ ಚೀಟಿಯ ಹಣವನ್ನಷ್ಟೇ ನಾವು ಕೇಳುತ್ತಿದ್ದೇವೆ.