ಕೋಳಿ ಕೂಗಿ ಬೆಳಗಾಯಿತೇ?

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಬೆಳೆಗಾರರಿಗೆ ಹರಾಜಿನ ಮೊದಲ ದಿನವೆಂದರೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿಂಗಳುಗಟ್ಟಲೆ ಮಣ್ಣಿನಲ್ಲಿ ದುಡಿದು, ಬ್ಯಾರನ್ನಿನ ಕಾವಿನಲ್ಲಿ ಎಲೆಯನ್ನು ಹದಗೊಳಿಸಿ, ದರ್ಜೆ ನೋಡಿ ವಿಂಗಡಿಸಿ ಕಟ್ಟಿದ ಬೇಲುಗಳು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿ ಸಾಲಾಗಿ ಕುಳಿತಿರುತ್ತವೆ. ಮೊಟ್ಟಮೊದಲ ಬೇಲಿಗೆ ಕಿಲೋ ಒಂದಕ್ಕೆ ಎಷ್ಟು ಬಿತ್ತು ಎಂಬ ಸುದ್ದಿ ಸಂಜೆಯೊಳಗೆ ಊರೂರನ್ನು ಸುತ್ತಿಬರುತ್ತದೆ. ಆ ದರ ಕಡಿಮೆಯಾಯಿತೆಂದು ಬೆಳೆಗಾರರು ಪ್ರತಿಭಟನೆಗೆ ನಿಂತ ಪ್ರಸಂಗಗಳೂ ಉಂಟು. ಸೊಪ್ಪಿನ ಗುಣ ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ಇದೆ. ಆದರೂ ಮೊದಲು ಬಿದ್ದ ಬೆಲೆ ಮುಂದಿನ ಬೆಲೆಗಳಿಗೆಲ್ಲ ಅಳತೆಗೋಲಾಗಿ ನಿಲ್ಲುತ್ತದೆ.

ಚಲನಚಿತ್ರ ಪ್ರಶಸ್ತಿಗಳ ಸಂತೆಯಲ್ಲಿಯೂ ಇದೇ ನಿಯಮ ನಡೆಯುತ್ತದೆಂದರೆ ವಾಚಕರು ಆಶ್ಚರ್ಯಪಡಬೇಕಾಗಿಲ್ಲ. ಜಗತ್ತಿನ ಕಣ್ಣೆಲ್ಲ ನೆಟ್ಟಿರುವ ಆಸ್ಕರ್ ಪ್ರಶಸ್ತಿಯನ್ನೇ ನೋಡಬಹುದು. ಅದನ್ನು ಕೊಡುವ ಅಮೆರಿಕದ ಅಕಾಡೆಮಿಯಲ್ಲಿ ಸುಮಾರು 10,000 ಮಂದಿ ಮತದಾರರು. ವರ್ಷವೊಂದರಲ್ಲಿ ಸ್ಪರ್ಧೆಗೆ ಅರ್ಹವಾಗುವ ಕಥಾಚಿತ್ರಗಳು 300ರ ಆಸುಪಾಸು. ನಟರೂ ಛಾಯಾಗ್ರಾಹಕರೂ ಸಂಗೀತಗಾರರೂ ಆದ ಈ ಮತದಾರರಿಗೆ ತಮ್ಮ ತಮ್ಮ ಕೆಲಸಗಳುಂಟು. ಮುನ್ನೂರನ್ನೂ ಕುಳಿತು ನೋಡುವ ಪುಣ್ಯಾತ್ಮರು ಅವರಲ್ಲಿ ಎಷ್ಟು ಮಂದಿ ಇದ್ದಾರು? ನೋಡಲೇಬೇಕಾದ ಹತ್ತಿಪ್ಪತ್ತು ಚಿತ್ರಗಳನ್ನು ಯಾರಾದರೂ ಆರಿಸಿಕೊಡಬೇಕಾಗುತ್ತದೆ. ಆ ಕೆಲಸ ವಿಮರ್ಶಕರ ಪಾಲಿಗೆ ಬಂದಿದೆ. 1935ರಲ್ಲಿ ಸ್ಥಾಪಿತವಾದ ನ್ಯೂಯಾರ್ಕಿನ ವಿಮರ್ಶಕರ ಕೂಟವೂ, 1975ರಲ್ಲಿ ಹುಟ್ಟಿದ ಲಾಸ್ ಏಂಜಲಿಸಿನ ವಿಮರ್ಶಕರ ಸಂಘವೂ ಸಾಮಾನ್ಯವಾಗಿ ಡಿಸೆಂಬರಿನಲ್ಲಿಯೇ ತಮ್ಮ ಆಯ್ಕೆಯನ್ನು ಸಾರಿಬಿಡುತ್ತವೆ. ಆಸ್ಕರಿನ ನಾಮನಿರ್ದೇಶನಗಳು ಹೊರಬೀಳುವುದು ಹೊಸ ವರ್ಷ ಹುಟ್ಟಿದ ಮೇಲೆ. ಈ ಕೂಟಗಳಿಗೆ ಅಕಾಡೆಮಿಯಲ್ಲಿ ಮತವಿಲ್ಲ. ಆದರೆ ಮತ ಹಾಕುವವನ ಕಣ್ಣ ಮುಂದೆ ಯಾವ ಚಿತ್ರ ಮೊದಲು ಬರಬೇಕೆಂಬುದು ಬಹುಮಟ್ಟಿಗೆ ಇವುಗಳ ಕೈಯಲ್ಲಿದೆ.

ಇದರ ಫಲವನ್ನು ಭಾರತೀಯರು ಕಣ್ಣಾರೆ ಕಂಡದ್ದು 'ಆರ್‌ಆರ್‌ಆರ್' ಚಿತ್ರದಲ್ಲಿ. ಆ ವರ್ಷ ಭಾರತದಿಂದ ಅಧಿಕೃತವಾಗಿ ಹೋದದ್ದು ಗುಜರಾತಿನ 'ಛೆಲ್ಲೋ ಶೋ'. 'ಆರ್‌ಆರ್‌ಆರ್' ಹೆದ್ದಾರಿ ಬಿಟ್ಟು ಕಾಲುದಾರಿಯಲ್ಲಿ ನಡೆಯಬೇಕಾಯಿತು. 2022ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ವಿಮರ್ಶಕರು ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿಯವರನ್ನು ವರ್ಷದ ಶ್ರೇಷ್ಠ ನಿರ್ದೇಶಕರೆಂದು ಆರಿಸಿದರು. ಲಾಸ್ ಏಂಜಲಿಸಿನವರು ಕೀರವಾಣಿಯವರ ಸಂಗೀತವನ್ನು ಮನ್ನಿಸಿದರು. 2023ರ ಜನವರಿಯಲ್ಲಿ 'ನಾಟು ನಾಟು' ಹಾಡಿಗೆ ಗೋಲ್ಡನ್ ಗ್ಲೋಬ್, ಮಾರ್ಚಿಯಲ್ಲಿ ಆಸ್ಕರ್. ಅದಕ್ಕೂ ಹಿಂದಿನ ವರ್ಷ ಮೂರು ಗಂಟೆಯ ಜಪಾನೀ ಚಿತ್ರ 'ಡ್ರೈವ್ ಮೈ ಕಾರ್' ಇದೇ ಎರಡು ಕೂಟಗಳ ಶ್ರೇಷ್ಠ ಚಿತ್ರವೆನಿಸಿ, ಆಸ್ಕರಿನ ನಾಲ್ಕು ವಿಭಾಗಗಳಲ್ಲಿ ನಾಮನಿರ್ದೇಶನ ಪಡೆದು, ವಿದೇಶೀ ಚಿತ್ರಗಳ ಪ್ರಶಸ್ತಿಯನ್ನು ಗೆದ್ದಿತು. ವಿಮರ್ಶಕರು ಕೈಹಿಡಿದು ತೋರಿಸದಿದ್ದರೆ ಹಾಲಿವುಡ್ಡಿನ ಎಷ್ಟು ಮಂದಿ ಮೂರು ಗಂಟೆ ಕುಳಿತು ಜಪಾನೀ ಮಾತು ಕೇಳುತ್ತಿದ್ದರು?

ಹಾಗೆಂದು ಮೊದಲ ಬಹುಮಾನವೇ ಕೊನೆಯ ಬಹುಮಾನವೆಂದು ತಿಳಿಯುವಂತಿಲ್ಲ. 2010ರಲ್ಲಿ ಅಮೆರಿಕದ ಪ್ರಮುಖ ವಿಮರ್ಶಕ ಕೂಟಗಳೆಲ್ಲ ಒಂದೇ ಕೊರಳಿನಿಂದ 'ದಿ ಸೋಶಿಯಲ್ ನೆಟ್‌ವರ್ಕ್' ಎಂದವು. 2011ರ ಆಸ್ಕರ್ ರಾತ್ರಿಯಲ್ಲಿ ಶ್ರೇಷ್ಠ ಚಿತ್ರವಾದದ್ದು 'ದಿ ಕಿಂಗ್ಸ್ ಸ್ಪೀಚ್'. ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' 2024ರ ಮೇ ತಿಂಗಳಲ್ಲಿ ಕಾನ್ ಉತ್ಸವದ ಗ್ರ್ಯಾಂಡ್ ಪ್ರಿ ಗೆದ್ದಿತ್ತು, ಡಿಸೆಂಬರಿನಲ್ಲಿ ನ್ಯೂಯಾರ್ಕಿನ ವಿಮರ್ಶಕರ ಮನ್ನಣೆಯನ್ನೂ ಪಡೆಯಿತು. ಆದರೆ ಸೆಪ್ಟೆಂಬರಿನಲ್ಲಿಯೇ ಭಾರತದ ಆಯ್ಕೆ ಸಮಿತಿ 'ಲಾಪತಾ ಲೇಡೀಸ್' ಚಿತ್ರವನ್ನು ಆರಿಸಿಯಾಗಿತ್ತು. ಕಪಾಡಿಯಾ ಅವರ ಚಿತ್ರಕ್ಕೆ ಆಸ್ಕರಿನ ಯಾವ ನಾಮನಿರ್ದೇಶನವೂ ದೊರೆಯಲಿಲ್ಲ. ದೀಪ ಹಚ್ಚುವವನೊಬ್ಬ, ಬಾಗಿಲು ತೆರೆಯುವವನೊಬ್ಬ. ಇಬ್ಬರೂ ಒಂದೇ ಹೊತ್ತಿಗೆ ಎಚ್ಚರವಾಗಿದ್ದರೆ ಮಾತ್ರ ಅತಿಥಿ ಒಳಗೆ ಬರುತ್ತಾನೆ.

ಇನ್ನು ಕನ್ನಡದ ಮಾತು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ಜಂಬಪಟ್ಟು, ಕೋಳಿಯನ್ನು ಕಂಕುಳಲ್ಲಿರಿಸಿಕೊಂಡು ಊರು ಬಿಟ್ಟ ಅಜ್ಜಿಯ ಕಥೆಯನ್ನು ಕೇಳದ ಕನ್ನಡ ಮಕ್ಕಳಿಲ್ಲ. ವೈದ್ಯವೃತ್ತಿಯಿಂದ ಚಲನಚಿತ್ರಕ್ಕೆ ಬಂದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದಾಗ ಇದೇ ಕಥೆಯ ಎಳೆಯನ್ನು ಹಿಡಿದು 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಎಂಬ ಹದಿನಾರು ನಿಮಿಷದ ಕನ್ನಡ ಕಿರುಚಿತ್ರವನ್ನು ಮಾಡಿದರು. ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ಲಾ ಸಿನೆಫ್‌ಗೆ 2024ರಲ್ಲಿ ಬಂದ ಚಿತ್ರಗಳು 2,263, ಆಯ್ಕೆಯಾದವು 18, ಅವುಗಳಲ್ಲಿ ಮೊದಲ ಬಹುಮಾನ ಈ ಕನ್ನಡ ಚಿತ್ರಕ್ಕೆ. ಆ ಬಳಿಕ ಅದು 2025ರ ಆಸ್ಕರ್ ಸ್ಪರ್ಧೆಗೆ ಅರ್ಹತೆಯನ್ನೂ ಪಡೆಯಿತು. ನಾಮನಿರ್ದೇಶನ ಸಿಗಲಿಲ್ಲ, ಇರಲಿ. ಆದರೆ ಕಥೆಯಲ್ಲಿ ನಾಯ್ಕ್ ಅವರು ಮಾಡಿದ ಮಾರ್ಪಾಡು ಗಮನಿಸತಕ್ಕದ್ದು. ಜನಪದ ಕಥೆಯಲ್ಲಿ ಕೋಳಿ ಹೋದರೂ ಸೂರ್ಯ ಹುಟ್ಟುತ್ತಾನೆ, ಅಜ್ಜಿಯ ಜಂಬ ಮುರಿಯುತ್ತದೆ. ಚಿತ್ರದಲ್ಲಿ ಅಜ್ಜಿ ಊರ ಹುಂಜವನ್ನು ಕದ್ದೊಯ್ದ ಮೇಲೆ ಊರಿಗೆ ನಿಜವಾಗಿಯೂ ಕತ್ತಲೆ ಕವಿಯುತ್ತದೆ.

ಪ್ರಶಸ್ತಿಗಳ ವಿಷಯದಲ್ಲಿ ಯಾವ ಕಥೆ ಸತ್ಯ? ಒಳ್ಳೆಯ ಚಿತ್ರಕ್ಕೆ ಬಹುಮಾನವೇಕೆ, ಅದು ತನ್ನ ಬೆಳಕಿನಿಂದ ತಾನೇ ಬೆಳಗುತ್ತದೆಯೆಂದು ಹೇಳುವವರು ಜನಪದ ಕಥೆಯನ್ನು ನಂಬಿದವರು. ಆದರೆ ಸೂರ್ಯನಿಗೆ ನೋಡುವವರು ಬೇಕಾಗಿಲ್ಲ, ಚಿತ್ರಕ್ಕೆ ಬೇಕು. ಡಬ್ಬದೊಳಗೆ ಉಳಿದ ಚಿತ್ರ ಎಷ್ಟು ಉತ್ತಮವಾದರೇನು? ಹುಂಜ ಕೂಗದ ಊರಿನಲ್ಲಿ ಅದಕ್ಕೆ ಬೆಳಗೇ ಇಲ್ಲ.

ಕೃಷ್ಣರಾಜನಗರದ ಗಡಿಗೆ ತಾಗಿದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಊರಿನವರನ್ನೇ ಪಾತ್ರಧಾರಿಗಳಾಗಿ ನಿಲ್ಲಿಸಿ ರಾಮ್ ರೆಡ್ಡಿಯವರು ಮಾಡಿದ 'ತಿಥಿ' ಇದಕ್ಕೆ ಸಾಕ್ಷಿ. ಖ್ಯಾತ ತಾರೆಯಿಲ್ಲದ, ಹೊಡೆದಾಟವಿಲ್ಲದ, ಅಚ್ಚ ಹಳ್ಳಿಮಾತಿನ ಈ ಚಿತ್ರಕ್ಕೆ ಮೊದಲ ಬೆಲೆ ಕಟ್ಟಿದ್ದು ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವ, 2015ರ ಆಗಸ್ಟಿನಲ್ಲಿ. 2016ರ ಮಾರ್ಚಿಯಲ್ಲಿ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಮಂಡ್ಯ ಮೈಸೂರುಗಳ ಪ್ರೇಕ್ಷಕನಿಗೆ ಅದು ತೆರೆಯ ಮೇಲೆ ಕಂಡದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಆ ವೇಳೆಗೆ ಚಿತ್ರದ ಹೆಸರು ಮನೆಮಾತಾಗಿದ್ದುದರಿಂದ ಜನ ಬಂದರು, ನಕ್ಕರು, ಮೆಚ್ಚಿದರು. ಅದರ ಕಥೆಗಾರ ಈರೇಗೌಡರು ಮುಂದೆ ನಿರ್ದೇಶಿಸಿದ 'ಬಳೆಕೆಂಪ' 2018ರಲ್ಲಿ ನೆದರ್ಲೆಂಡಿನ ರಾಟರ್ಡ್ಯಾಮ್ ಉತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಪ್ರಶಸ್ತಿಯನ್ನು ಪಡೆಯಿತು. 'ತಿಥಿ'ಯನ್ನು ಕುರಿತು ಮಾತನಾಡುವಷ್ಟು ಮಂದಿ 'ಬಳೆಕೆಂಪ'ವನ್ನು ಕುರಿತು ಮಾತನಾಡುವುದು ಕೇಳಿಬರುವುದಿಲ್ಲ. ಮೊದಲ ಕೂಗಿನ ಹಿಂದೆಯೇ ಎರಡನೆಯ, ಮೂರನೆಯ ಕೂಗು ಕೇಳಬೇಕು. ಇಲ್ಲವಾದರೆ ಮಲಗಿದವರು ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋಗುತ್ತಾರೆ.

ಈ ಎರಡನೆಯ ಕೂಗು ಕನ್ನಡ ನಾಡಿನಲ್ಲಿ ಹೊತ್ತು ಮೀರಿ ಕೇಳಿಸುತ್ತದೆಂಬುದು ವಿಷಾದದ ಸಂಗತಿ. 2019ರ ಚಿತ್ರಗಳಿಗೆ ರಾಜ್ಯ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ಐದು ವರ್ಷ ಕಳೆದ ಮೇಲೆ ಬಂದ ಬಹುಮಾನ ಕಲಾವಿದನಿಗೆ ಗೌರವವನ್ನು ತಂದೀತು, ಚಿತ್ರಕ್ಕೆ ಪ್ರೇಕ್ಷಕನನ್ನು ತರಲಾರದು. ಚಿತ್ರ ಅಷ್ಟು ಹೊತ್ತಿಗೆ ಚಿತ್ರಮಂದಿರವನ್ನು ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಚಂದನವನ ಫಿಲ್ಮ್ ಕ್ರಿಟಿಕ್ಸ್ ಅಕಾಡೆಮಿಯಂತಹ ಸಂಸ್ಥೆಗಳು ಇತ್ತೀಚಿನ ವರ್ಷಗಳಲ್ಲಿ ಪ್ರಶಸ್ತಿ ನೀಡತೊಡಗಿರುವುದು ಈ ಕಾರಣದಿಂದಲೇ ಮಹತ್ವದ್ದು. ಸರ್ಕಾರ ತಡಮಾಡುವ ಕಡೆ ವಿಮರ್ಶಕನ ಹೊಣೆ ಇಮ್ಮಡಿಯಾಗುತ್ತದೆ: ಹೊಗಳಿಕೆ ಅಗ್ಗವಾದರೆ ಮೊದಲ ಬೆಲೆಯೇ ಸುಳ್ಳು ಬೆಲೆಯಾದೀತು. ಅವನ ಹಿಂದೆ ಬರುವ ತೀರ್ಪುಗಾರನ ಹೊಣೆಯೂ ಸಣ್ಣದಲ್ಲ. ಮೊದಲಿನವರು ಮೆಚ್ಚಿದರೆಂದು ತಾನೂ ಮೆಚ್ಚುವವನು ಸೊಪ್ಪನ್ನು ಮುಟ್ಟಿ ನೋಡದೆ ಪಕ್ಕದವನ ಬೆಲೆಯನ್ನೇ ಕೂಗುವ ವ್ಯಾಪಾರಿ.

ಹಿಂದಿನ ಕ್ರಮವೇ ಬೇರೆಯಿತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಚದುರಂಗರು ತಮ್ಮ 'ಸರ್ವಮಂಗಳಾ' ಕಾದಂಬರಿಯನ್ನು ತಾವೇ 1968ರಲ್ಲಿ ತೆರೆಗೆ ತಂದರು. ಅವರ 'ಉಯ್ಯಾಲೆ'ಯನ್ನು ಎನ್. ಲಕ್ಷ್ಮೀನಾರಾಯಣ್ 1969ರಲ್ಲಿ ಚಿತ್ರವಾಗಿಸಿದರು. ಆ ಕಥೆಗಳಿಗೆ ಮೊದಲ ಬೆಲೆ ಕಟ್ಟಿದವನು ಓದುಗ. ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಓದಿದವರೇ ಚಿತ್ರಮಂದಿರಕ್ಕೂ ಹೋಗಿ, ಕಾದಂಬರಿಯೊಡನೆ ಚಿತ್ರವನ್ನು ತೂಗಿ ನೋಡಿದರು. ಇಂದು ಆ ತಕ್ಕಡಿ ಲೊಕಾರ್ನೊ, ಕಾನ್, ರಾಟರ್ಡ್ಯಾಮುಗಳಿಗೆ ಹೋಗಿದೆ. ಹಳ್ಳಿಯ ಬಾಳನ್ನು ಕುರಿತ ಚಿತ್ರ ಹಳ್ಳಿಯವನ ಕಣ್ಣಿಗೆ ಕಟ್ಟಕಡೆಗೆ ಬೀಳುತ್ತದೆ. ತಾಲ್ಲೂಕು ಪಟ್ಟಣಗಳ ಹಳೆಯ ಚಿತ್ರಮಂದಿರಗಳು ನಾಡಿನಲ್ಲೆಲ್ಲ ಒಂದೊಂದಾಗಿ ಮುಚ್ಚುತ್ತಿರುವ ಈ ಕಾಲದಲ್ಲಿ ಎಷ್ಟೋ ಸಲ ಬೀಳುವುದೇ ಇಲ್ಲ.

ಇದಕ್ಕೆ ಪರಿಹಾರ ದುಬಾರಿಯದೇನೂ ಅಲ್ಲ. ವಿಮರ್ಶಕರ ಪ್ರಶಸ್ತಿ ಪಡೆದ ಕನ್ನಡ ಚಿತ್ರವೊಂದನ್ನು, ಪ್ರಶಸ್ತಿ ಬಂದ ತಿಂಗಳಲ್ಲಿಯೇ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಾಲೇಜು ಸಭಾಂಗಣಗಳಲ್ಲಿ ಒಂದೊಂದು ಸಂಜೆ ತೋರಿಸಲಿ. ನಿರ್ಮಾಪಕನಿಗೆ ಸಲ್ಲಬೇಕಾದ ಹಣ ಸಲ್ಲಲಿ. ಪ್ರೇಕ್ಷಕ ಟಿಕೆಟು ಕೊಂಡು ಬರಲಿ. ಹೊಗೆಸೊಪ್ಪಿನ ದರ್ಜೆಯನ್ನು ಬೆರಳ ತುದಿಯಿಂದ ಮುಟ್ಟಿ ಹೇಳಬಲ್ಲವರಿಗೆ, ಭತ್ತದ ಕಾಳನ್ನು ಕಚ್ಚಿ ಹದ ತಿಳಿಯಬಲ್ಲವರಿಗೆ, ತಮ್ಮದೇ ಬಾಳಿನ ಚಿತ್ರ ಸಾಚಾ ಹೌದೋ ಅಲ್ಲವೋ ಎಂಬುದನ್ನು ಹೇಳಲು ಪರದೇಶದ ಮುದ್ರೆ ಬೇಕಾಗಲಾರದು.